ಅಜ್ಜನ ಬಿಲ್ಲೆಯ ಅಂಚಿನಲ್ಲಿ ಏನಿದೆ?

ಅಟ್ಟದ ಮೇಲೊಂದು ತಗಡಿನ ಟ್ರಂಕು. ಒಳಗೆ ಎರಡೋ ಮೂರೋ ಬಿಲ್ಲೆ, ಇಲಿ ಕಡಿದ ರಿಬ್ಬನ್ನು, ನಾಲ್ಕು ಮಡಿಕೆಯಾಗಿ ಹರಿಯಲು ಕಾದಿರುವ ಒಂದು ಕಾಗದ. ಜೊತೆಗೆ ಮನೆಯಲ್ಲಿ ಉಳಿದಿರುವ ಮಾತು ಇಷ್ಟೇ: 'ಮುತ್ತಾತ ಮಿಲ್ಟ್ರೀಲಿದ್ರಂತೆ, ಬರ್ಮಾಕ್ಕೆ ಹೋಗಿದ್ರಂತೆ.' ಕೊಡಗು, ಬೆಳಗಾವಿ, ಕೋಲಾರ, ಬೆಂಗಳೂರು ದಂಡಿನ ಹಳೆಯ ಮನೆಗಳಲ್ಲಿ ಇಂಥ ಟ್ರಂಕು ಅಪರೂಪವಲ್ಲ. ಮೊದಲ ಮಹಾಯುದ್ಧಕ್ಕೆ ಭಾರತದಿಂದ 10 ಲಕ್ಷಕ್ಕೂ ಹೆಚ್ಚು ಮಂದಿ ಹಡಗು ಹತ್ತಿದ್ದರು. ಎರಡನೆಯದು ಮುಗಿಯುವ ಹೊತ್ತಿಗೆ ಸೇನೆಯ ಸಂಖ್ಯೆ 25 ಲಕ್ಷ. ಅಷ್ಟು ಜನರ ನಡುವೆ ನಮ್ಮ ಒಬ್ಬರನ್ನು ಹುಡುಕಬೇಕಾದರೆ ಹೆಸರು ಹಿಡಿದು ಹೊರಡಬಾರದು. ಸೇನೆಯ ಲೆಕ್ಕದಲ್ಲಿ ಮನುಷ್ಯ ಎಂದರೆ ಒಂದು ನಂಬರು ಮತ್ತು ಒಂದು ಪಡೆ. ಇವೆರಡು ಸಿಕ್ಕರೆ ಅರ್ಧ ಕೆಲಸ ಆದಂತೆ.

ನಂಬರು ಸಾಮಾನ್ಯವಾಗಿ ಕೈಯಲ್ಲೇ ಇರುತ್ತದೆ, ನಾವು ನೋಡಿರುವುದಿಲ್ಲ. ದುಂಡು ಬಿಲ್ಲೆಯನ್ನು ನಾಣ್ಯದಂತೆ ಅಡ್ಡ ಹಿಡಿದು ಅದರ ಅಂಚನ್ನು ನೋಡಿ. ಮೊದಲ ಮಹಾಯುದ್ಧದ ಬಿಲ್ಲೆಗಳ ಅಂಚಿನಲ್ಲಿ ನಂಬರು, ಹುದ್ದೆ, ಹೆಸರು, ಪಡೆ ನಾಲ್ಕನ್ನೂ ಇಂಗ್ಲಿಷಿನ ಪುಟ್ಟ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಎರಡನೇ ಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದ ಬಿಲ್ಲೆ ಕೊಟ್ಟರೂ ಭಾರತೀಯರ ಬಿಲ್ಲೆಗಳಲ್ಲಿ ಹೆಸರು ಒತ್ತುವ ರೂಢಿ ಇತ್ತು. ನಕ್ಷತ್ರದ ಆಕಾರದವುಗಳಿಗೆ ಅಂಚು ಇರುವುದಿಲ್ಲ, ಹಿಂಭಾಗ ನೋಡಬೇಕು. ಹುದ್ದೆಯನ್ನು ಮೊಟಕುಗೊಳಿಸಿರುತ್ತಾರೆ: ಎಸ್‌ಪಿಆರ್ ಎಂದರೆ ಸ್ಯಾಪರ್, ಡಿವಿಆರ್ ಎಂದರೆ ಡ್ರೈವರ್, ಎಚ್‌ಎವಿ ಎಂದರೆ ಹವಾಲ್ದಾರ್. ಮೊದಲ ಯುದ್ಧದ 'ಬ್ರಿಟಿಷ್ ವಾರ್ ಮೆಡಲ್' ಬೆಳ್ಳಿಯದಲ್ಲದೆ ಕಂಚಿನದಾಗಿದ್ದರೆ, ಅದನ್ನು ಪಡೆದವರು ಬಂದೂಕು ಹಿಡಿದವರಲ್ಲ. ಹೊರೆ ಹೊತ್ತವರು, ರಸ್ತೆ ಕಡಿದವರು, ಅಡುಗೆ ಮಾಡಿದವರು. ಮನೆಯ ಕತೆಯಲ್ಲಿ ಅವರು ಸಿಪಾಯಿ ಆಗಿಬಿಟ್ಟಿರುತ್ತಾರೆ. ಅದಕ್ಕೆ ನಾಚಬೇಕಾದ್ದಿಲ್ಲ. ಗುಂಡು ಅವರ ಕಡೆಗೂ ಹಾರುತ್ತಿತ್ತು.

ಒಂದು ಎಚ್ಚರಿಕೆ. ಹಬ್ಬದ ದಿನ ಹಿತ್ತಾಳೆ ಪಾತ್ರೆಗಳ ಜೊತೆ ಬಿಲ್ಲೆಯನ್ನೂ ಹುಣಸೆಹಣ್ಣು ಹಾಕಿ ತಿಕ್ಕುವವರಿದ್ದಾರೆ. ಹಾಗೆ ತಿಕ್ಕಿ ತಿಕ್ಕಿ ಅಂಚಿನ ಅಕ್ಷರ ಅಳಿಸಿಹೋದರೆ ಮತ್ತೆ ಬರುವುದಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬರಿಗಣ್ಣಿಗೆ ಕಾಣದ ಅಕ್ಷರವೂ ನೆರಳಿನಿಂದ ಎದ್ದು ಬರುತ್ತದೆ.

ಯಾವ ಬಿಲ್ಲೆ ಎಂಬುದು ಯಾವ ಯುದ್ಧ ಎಂಬುದನ್ನೂ ಹೇಳುತ್ತದೆ. ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್ ಎರಡನೇ ಮಹಾಯುದ್ಧದವು. ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್ 1965ರವು. ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ 1971ರವು. ಮನೆಮಾತು ಎರಡು ಯುದ್ಧಗಳನ್ನು ಕಲಸಿ ಒಂದು ಮಾಡುವುದು ಬಹಳ. ಈಗಿನ ಇಸ್ರೇಲಿನಲ್ಲಿರುವ ಹೈಫಾದ ವಿಷಯವನ್ನೇ ನೋಡಿ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಜೋಧಪುರದವರ ಜೊತೆಗೂಡಿ ಆ ಊರನ್ನು ಗೆದ್ದುಕೊಂಡಿತು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರಲ್ಲಿ ಒಬ್ಬ ಮೈಸೂರಿನ ಸವಾರ. ಆದರೆ 1912ರಲ್ಲಿ ಹುಟ್ಟಿದ ಅಜ್ಜ ಹೈಫಾದಲ್ಲಿ ಈಟಿ ಹಿಡಿದಿರಲಾರರು. ಬಹುಶಃ ಅವರ ತಂದೆ ಹಿಡಿದಿದ್ದರು. ಹುಟ್ಟಿದ ವರ್ಷವನ್ನು ಒಮ್ಮೆ ಪಕ್ಕದಲ್ಲಿಟ್ಟು ನೋಡಿದರೆ ಇಂಥ ಗೊಂದಲ ಬಿಡಿಸಿಕೊಳ್ಳುತ್ತದೆ.

ಇನ್ನು ಕಾಗದ. ಹೆಚ್ಚಿನವರ ನಂಬಿಕೆ ಏನೆಂದರೆ ಮೂಲ ದಾಖಲೆ ಸರ್ಕಾರದ ಬಳಿ ಭದ್ರವಾಗಿದೆ, ನಮ್ಮಲ್ಲಿರುವುದು ಬರೀ ಚೀಟಿ. ನಿಜ ಇದಕ್ಕೆ ತಿರುಗುಮುರುಗು. ಪಿಂಚಣಿ ಇಲ್ಲದೆ ಸೇನೆ ಬಿಟ್ಟವರ ಕಡತವನ್ನು 25 ವರ್ಷ ಇಟ್ಟು ನಾಶ ಮಾಡುವುದು ಸೇನೆಯ ನಿಯಮ. 1945ರ ನಂತರ ಯುದ್ಧ ಮುಗಿಯಿತೆಂದು ಲಕ್ಷಗಟ್ಟಲೆ ಜನರನ್ನು ಹಾಗೇ ಮನೆಗೆ ಕಳಿಸಿದರು. ಅಂಥವರ ಬಿಡುಗಡೆ ಪತ್ರ, ಅಂದರೆ ಡಿಸ್ಚಾರ್ಜ್ ಸರ್ಟಿಫಿಕೇಟು, ನಿಮ್ಮ ಟ್ರಂಕಿನಲ್ಲಿರುವುದೇ ಕೊನೆಯ ಪ್ರತಿ ಇರಬಹುದು. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಆ ಬಿಸಿ ಮತ್ತು ಅಂಟಿನಿಂದ ಹಳೆಯ ಕಾಗದವನ್ನು ಮತ್ತೆ ಬಿಡಿಸಲಾಗದು. ಸ್ಕ್ಯಾನ್ ಮಾಡಿ, ಮಡಿಕೆ ಬಿಚ್ಚಿ, ಚಪ್ಪಟೆಯಾಗಿ ಇಡಿ. ಹಳೆಯ ಪತ್ರಗಳಿದ್ದರೆ ಲಕೋಟೆಯನ್ನೂ ಎಸೆಯಬೇಡಿ. ಯುದ್ಧಭೂಮಿಯ ಅಂಚೆ ಮುದ್ರೆಯಲ್ಲಿ ಊರಿನ ಹೆಸರು ಇರುವುದಿಲ್ಲ, ಎಫ್‌ಪಿಒ ಎಂದು ಒಂದು ಅಂಕಿ ಮಾತ್ರ ಇರುತ್ತದೆ. ಯಾವ ತಿಂಗಳಲ್ಲಿ ಯಾವ ಅಂಕಿಯ ಅಂಚೆ ಕಚೇರಿ ಎಲ್ಲಿತ್ತು ಎಂಬ ಪಟ್ಟಿಗಳನ್ನು ಅಂಚೆಚೀಟಿ ಸಂಗ್ರಾಹಕರು ಮಾಡಿಟ್ಟಿದ್ದಾರೆ. ಕ್ಷೇಮ ಸಮಾಚಾರದ ಎರಡು ಸಾಲಿಗಿಂತ ಆ ಮುದ್ರೆ ಹೆಚ್ಚು ಹೇಳುತ್ತದೆ.

ನಂಬರು, ಪಡೆ ಗೊತ್ತಾದ ಮೇಲೆ ಬರೆಯಬೇಕಾದ್ದು ಆ ಪಡೆಯ ರೆಕಾರ್ಡ್ಸ್ ಕಚೇರಿಗೆ. ಪ್ರತಿ ಪಡೆಗೂ ಅದರದೇ ಕಚೇರಿ. ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರಿನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟಿನದು ಊಟಿ ಹತ್ತಿರದ ವೆಲ್ಲಿಂಗ್ಟನ್‌ನಲ್ಲಿ. ಸಂಬಂಧ ತೋರಿಸುವ ದಾಖಲೆ ಲಗತ್ತಿಸಿ, ನಿಮಗೆ ಬೇಕಾದ್ದನ್ನು ಸ್ಪಷ್ಟವಾಗಿ ಕೇಳಿ. 'ಎಲ್ಲ ಮಾಹಿತಿ ಕೊಡಿ' ಎಂದರೆ ಉತ್ತರ ಬರುವುದು ಕಷ್ಟ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅರ್ಜಿಯ ಒಕ್ಕಣೆಗೆ ನೆರವು ಕೇಳಬಹುದು.

ಮೈಸೂರು ಸಂಸ್ಥಾನದವರಿಗೆ ಇಲ್ಲೊಂದು ತೊಡಕಿದೆ. ಮೈಸೂರು ಲ್ಯಾನ್ಸರ್ಸ್, ಮೈಸೂರು ಇನ್‌ಫೆಂಟ್ರಿ ಬ್ರಿಟಿಷರ ಪಡೆಗಳಲ್ಲ, ಮಹಾರಾಜರವು. ಅವುಗಳ ಹಳೆಯ ಕಾಗದಕ್ಕೆ ಸಂಸ್ಥಾನದ ಕಡತಗಳನ್ನೇ ತಡಕಬೇಕು, ಅಂದರೆ ರಾಜ್ಯ ಪತ್ರಾಗಾರ ಇಲಾಖೆಗೆ ಹೋಗಬೇಕು. ಮೈಸೂರು ಇನ್‌ಫೆಂಟ್ರಿಯ ಒಂದು ಬೆಟಾಲಿಯನ್ 1942ರ ಫೆಬ್ರವರಿಯಲ್ಲಿ ಸಿಂಗಪುರ ಬಿದ್ದಾಗ ಅಲ್ಲೇ ಸೆರೆಯಾಯಿತು. ಹಾಗೆ ಸೆರೆಯಾದ ಭಾರತೀಯರಲ್ಲಿ ಹಲವರು ಸುಭಾಷರ ಆಜಾದ್ ಹಿಂದ್ ಫೌಜ್ ಸೇರಿದರು, ಹಲವರು ಸೇರಲಿಲ್ಲ. ಕೆಲವು ಮನೆಗಳಲ್ಲಿ ಅಜ್ಜ ಯುದ್ಧದ ಮಾತೇ ಎತ್ತದಿರಲು ಈ ವರ್ಷಗಳೇ ಕಾರಣ. ಜನರಲ್ ತಿಮ್ಮಯ್ಯನವರ ಒಂದೇ ಮನೆಯಲ್ಲಿ ಎಲ್ಲವೂ ಇತ್ತು: ಅವರು ಬರ್ಮಾದಲ್ಲಿ ಜಪಾನೀಯರ ವಿರುದ್ಧ ಹೋರಾಡಿದರು, ಅಣ್ಣ ಪೊನ್ನಪ್ಪ ಸುಭಾಷರ ಫೌಜಿನಲ್ಲಿದ್ದರು, ತಮ್ಮ ಸೋಮಯ್ಯ ಕಾಶ್ಮೀರದ ಯುದ್ಧದಲ್ಲಿ ನೆಲಬಾಂಬಿಗೆ ಬಲಿಯಾದರು. ಮಡಿಕೇರಿಯಲ್ಲಿರುವ ಅವರ ಮನೆ 'ಸನ್ನಿ ಸೈಡ್' ಈಗ ವಸ್ತುಸಂಗ್ರಹಾಲಯ, ಹೋದಾಗ ನೋಡಿ.

ಮರಳಿ ಬಾರದವರನ್ನು ಹುಡುಕುವುದು, ಬಂದವರನ್ನು ಹುಡುಕುವುದಕ್ಕಿಂತ ಸುಲಭ. ಎರಡೂ ಮಹಾಯುದ್ಧಗಳಲ್ಲಿ ಸತ್ತವರ ಹೆಸರನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಕೆಲವು ಹೆಸರುಗಳ ಮುಂದೆ ತಂದೆಯ ಹೆಸರು, ಊರೂ ಇರುತ್ತವೆ. ಮುನಿಯಪ್ಪ, ಬೈರಪ್ಪ ಎಂಬ ಹೆಸರುಗಳನ್ನು ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ, ಐದಾರು ಬಗೆಯ ಇಂಗ್ಲಿಷ್ ಕಾಗುಣಿತದಲ್ಲಿ ಹುಡುಕಬೇಕು. ಸ್ವಾತಂತ್ರ್ಯದ ನಂತರ ಮಡಿದವರ ಹೆಸರುಗಳು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳ ಮೇಲಿವೆ. 2019ರಲ್ಲಿ ಅದು ತೆರೆದಾಗ 25 ಸಾವಿರ ದಾಟಿದ್ದವು.

ಒಮ್ಮೊಮ್ಮೆ ಉತ್ತರ ಎದುರಾಳಿಯ ಕಡೆಯಿಂದ ಬರುತ್ತದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಯಿಂದ ಹಿಂತಿರುಗಲಿಲ್ಲ. ಅವರು ತಮ್ಮ ವಿಮಾನಕ್ಕಿಂತ ವೇಗದ ಶತ್ರು ವಿಮಾನವನ್ನು ಕೆಡವಿ ಸತ್ತರೆಂಬುದು ತಿಳಿದದ್ದು ವರ್ಷಗಳ ಮೇಲೆ, ಪಾಕಿಸ್ತಾನದ ಕಡೆಯ ವಿವರ ಆಧರಿಸಿ ಬ್ರಿಟಿಷ್ ಲೇಖಕರೊಬ್ಬರು ಬರೆದ ಪುಸ್ತಕದಿಂದ. ಮಹಾವೀರ ಚಕ್ರ ಸಂದದ್ದು 1988ರಲ್ಲಿ.

ದಾಖಲೆಯಲ್ಲಿ ಇರದ್ದು ಮನೆಯ ಹೆಂಗಸರ ನೆನಪಿನಲ್ಲಿ ಇರುತ್ತದೆ. ಅವರನ್ನು 'ಯುದ್ಧದ ಬಗ್ಗೆ ಹೇಳಿ' ಎಂದು ಕೇಳಬೇಡಿ, 'ನಮಗೇನು ಗೊತ್ತಪ್ಪಾ' ಎನ್ನುತ್ತಾರೆ. ಮನಿಆರ್ಡರ್ ಎಷ್ಟು ಬರುತ್ತಿತ್ತು, ರಜೆಗೆ ಬಂದಾಗ ಏನು ತರುತ್ತಿದ್ದರು, ಬೈಯುವಾಗ ಯಾವ ಹಿಂದೂಸ್ತಾನಿ ಮಾತು ಬಾಯಿಗೆ ಬರುತ್ತಿತ್ತು ಎಂದು ಕೇಳಿ. ಫೋಟೊಗಳನ್ನು ಮುಂದಿಟ್ಟುಕೊಂಡೇ ಕೇಳಿ, ಫೋನಿನಲ್ಲಿ ಧ್ವನಿ ಹಿಡಿದಿಡಿ. 1971ರಲ್ಲಿ ಇಪ್ಪತ್ತರ ಹುಡುಗರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ.

ಅವರು ಗುರುತಿಸಿದ ಹೆಸರನ್ನು ಅಲ್ಲೇ, ಫೋಟೊದ ಹಿಂದೆ ಮೆತ್ತಗೆ ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನು ಬೇಡ, ಶಾಯಿ ಮುಂಭಾಗಕ್ಕೆ ಒಸರುತ್ತದೆ.