ನೋವಿಲ್ಲದ ಗಂಟೇನೂ ಮಾಡದು ಎಂಬ ನಂಬಿಕೆ

ಪಾದದಲ್ಲಿ ಗಂಟು ಕಾಣಿಸಿಕೊಂಡಿದೆ ಎಂದರೆ ಮನೆಯವರು ಮೊದಲು ಕೇಳುವುದೇ 'ನೋಯುತ್ತಾ?' ಎಂದು. ಇಲ್ಲ ಅಂದರೆ ಎಲ್ಲರಿಗೂ ನಿರಾಳ. ಈ ನಿರಾಳವೇ ಎಷ್ಟೋ ಜನರ ಕಾಲಿಗೆ ಮುಳುವಾಗಿದೆ.

ಮದುರಾ ಪಾದ ಎಂಬ ರೋಗವನ್ನೇ ನೋಡಿ. 1842ರಲ್ಲಿ ಮದುರೈಯ ವೈದ್ಯರೊಬ್ಬರು ಇದನ್ನು ದಾಖಲಿಸಿದ್ದರಿಂದ ಆ ಹೆಸರು. ಬರಿಗಾಲಲ್ಲಿ ಹೊಲದ ಕೆಲಸ ಮಾಡುವಾಗ ಮುಳ್ಳು ಚುಚ್ಚುತ್ತದೆ. ಮಣ್ಣಿನಲ್ಲಿರುವ ಶಿಲೀಂಧ್ರವೋ ಬ್ಯಾಕ್ಟೀರಿಯಾವೋ ಒಳಸೇರುತ್ತದೆ. ಗಾಯ ಮಾಯುತ್ತದೆ, ಮುಳ್ಳಿನ ನೆನಪೂ ಹೋಗುತ್ತದೆ. ತಿಂಗಳುಗಟ್ಟಲೆ ಕಳೆದ ಮೇಲೆ ಅಲ್ಲೊಂದು ಗಟ್ಟಿ ಗಂಟು. ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಬರಬರುತ್ತಾ ಪಾದ ಊದಿ, ಚರ್ಮದಲ್ಲಿ ಸಣ್ಣ ತೂತುಗಳಾಗಿ, ಕೀವಿನ ಜೊತೆ ಕಪ್ಪು, ಬಿಳಿ ಅಥವಾ ಹಳದಿ ಕಾಳುಗಳು ಉದುರುತ್ತವೆ. ಅವು ರೋಗಾಣುಗಳ ಗುಂಪುಗಳು. ಅಷ್ಟರಲ್ಲಿ ರೋಗ ಮೂಳೆಗೂ ಇಳಿದಿರಬಹುದು. ಬ್ಯಾಕ್ಟೀರಿಯಾದಿಂದ ಬಂದದ್ದಾದರೆ ತಿಂಗಳುಗಟ್ಟಲೆ ಆ್ಯಂಟಿಬಯೋಟಿಕ್ ಕೊಟ್ಟು ಗುಣಪಡಿಸಬಹುದು. ಶಿಲೀಂಧ್ರದ್ದು ಹಟಮಾರಿ; ಔಷಧದ ಜೊತೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ, ತಡವಾದರೆ ಕಾಲನ್ನೇ ತೆಗೆಯಬೇಕಾದೀತು. ಹಾಗಾಗಿ ಮುಳ್ಳು ಚುಚ್ಚಿ ವರ್ಷವೇ ಆಗಿದ್ದರೂ ವೈದ್ಯರಿಗೆ ಹೇಳಿ.

ಗಂಟೆಲ್ಲ ಹೀಗೇ ಎಂದು ಹೆದರಬೇಕಿಲ್ಲ. ಹೆಚ್ಚಿನವು ನೀರುಗಂಟು, ಕೊಬ್ಬಿನ ಗಂಟುಗಳೇ. ಆದರೆ ಬೆಳೆಯುತ್ತಿದ್ದರೆ, ಐದು ಸೆಂಟಿಮೀಟರ್ ದಾಟಿದ್ದರೆ, ಆಳದಲ್ಲಿ ಅಂಟಿಕೊಂಡಂತಿದ್ದರೆ, ತೆಗೆಸಿದ ಮೇಲೂ ಮರಳಿದರೆ, ಕ್ಯಾನ್ಸರ್ ಇರಬಹುದೇ ಎಂದು ನೋಡಲು ಸ್ಕ್ಯಾನಿಂಗ್ ಬೇಕು. ಅಂಗಾಲಿನಲ್ಲಿ ಹೊಸ ಕಪ್ಪು ಮಚ್ಚೆ ಹರಡುತ್ತಿದ್ದರೂ ತೋರಿಸಬೇಕು. 'ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತೆ' ಎಂದು ಬಯಾಪ್ಸಿ ಬೇಡ ಎನ್ನುವವರಿದ್ದಾರೆ. ತಜ್ಞರು ಯೋಚಿಸಿ ಮಾಡುವ ಬಯಾಪ್ಸಿಯಿಂದ ಹಾಗಾಗುವುದು ತೀರಾ ಅಪರೂಪ. ಪರೀಕ್ಷಿಸದೆ ಮಾಮೂಲಿ ಗಂಟೆಂದು ಕೊಯ್ಯಿಸಿಕೊಂಡಾಗಲೇ ಮುಂದಿನ ಚಿಕಿತ್ಸೆ ಕಷ್ಟವಾಗುವುದು.

ಇನ್ನು ನೋವಿದ್ದ ಮಾತ್ರಕ್ಕೆ ಗಂಭೀರವೆಂದೂ ಅಲ್ಲ. ಉದಾಹರಣೆಗೆ, ಬೆಳಿಗ್ಗೆ ಎದ್ದು ಕಾಲೂರಿದ ಕೂಡಲೇ ಚುಚ್ಚುವ ಹಿಮ್ಮಡಿ ನೋವು. ಎಕ್ಸ್‌ರೇಯಲ್ಲಿ ಮುಳ್ಳಿನಂತೆ ಮೂಳೆ ಕಂಡರೆ ಆಪರೇಷನ್ ಆಗಲೇಬೇಕು ಎಂದು ಕಂಗಾಲಾಗುತ್ತಾರೆ. ನೋವೇ ಇಲ್ಲದ ಎಷ್ಟೋ ಜನರಿಗೂ ಅಂಥ ಮೂಳೆ ಇರುತ್ತದೆ. ನೋಯುವುದು ಸಾಮಾನ್ಯವಾಗಿ ಅಂಗಾಲಿನ ದಪ್ಪ ಪಟ್ಟಿ. ಮೀನಖಂಡ ಮತ್ತು ಅಂಗಾಲನ್ನು ಹಿಗ್ಗಿಸುವ ವ್ಯಾಯಾಮ, ಮೆತ್ತನೆಯ ಚಪ್ಪಲಿಯಿಂದ ಬಹುತೇಕರಿಗೆ ವರ್ಷದೊಳಗೆ ವಾಸಿಯಾಗುತ್ತದೆ.

ಸಕ್ಕರೆ ಕಾಯಿಲೆಯವರ ಲೆಕ್ಕ ಬೇರೆ. ಪಾದದ ಸ್ಪರ್ಶಜ್ಞಾನ ಕುಗ್ಗಿದ್ದರೆ ಗಾಯವಾದರೂ ನೋಯದು. ಅವರು ಆಣಿಯನ್ನು ಬ್ಲೇಡಿನಿಂದ ಕೆತ್ತುವುದಾಗಲಿ, ಆಣಿಯ ಪಟ್ಟಿ ಅಂಟಿಸುವುದಾಗಲಿ ಕೂಡದು. ಆ ಪಟ್ಟಿಯಲ್ಲಿರುವ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಪಾದ ಕೆಂಪಾಗಿ, ಬಿಸಿಯಾಗಿ ಊದಿದ್ದರೆ, ಹುಣ್ಣು ಕಂಡರೆ, ನೋವಿರಲಿ ಬಿಡಲಿ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.