ಹಸ್ತ ಮಳೆಯ ದೋಣಿ, ದಸರೆಯ ರಜೆ

ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳು ದೋಣಿಗೆ ಹೆಸರಾದ ಸೀಮೆಯಲ್ಲ. ವರ್ಷವಿಡೀ ತುಂಬಿ ಹರಿಯುವ ನದಿ ಇಲ್ಲಿ ಒಂದೂ ಇಲ್ಲ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳ ನೆಲವನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯೂ ಮಳೆ ಹಿಡಿದಾಗ ಮಾತ್ರ ಹೊಳೆಯಾಗಿದ್ದು, ವರ್ಷದ ಬಹುಪಾಲು ಒಣ ಪಾತ್ರವಾಗಿಯೇ ಉಳಿಯುತ್ತದೆ. ಆದರೂ ಕಯಾಕ್‌ಗಳು, ಎಂದರೆ ಒಬ್ಬರೋ ಇಬ್ಬರೋ ಕಾಲುಚಾಚಿ ಕೂತು ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ನಡೆಸುವ ಕಿರುದೋಣಿಗಳು, ಗಾಳಿ ತುಂಬಿ ಬಳಸುವ ರೂಪದಲ್ಲಿ ಆನ್‌ಲೈನ್ ಅಂಗಡಿಗಳಲ್ಲಿ ಸಿಗತೊಡಗಿದ ಮೇಲೆ, ಮಡಚಿ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಹೋಗುವ ಹವ್ಯಾಸ ಬಯಲುಸೀಮೆಯವರಿಗೂ ಎಟುಕುವಂತಾಗಿದೆ. ಕೊಳಾಲದಂಥ ಹೋಬಳಿ ಕೇಂದ್ರದಲ್ಲಿ ಮನೆಯಿದ್ದು, ತುಮಕೂರಿಗೋ ಬೆಂಗಳೂರಿಗೋ ಕೆಲಸಕ್ಕೆ ಓಡಾಡುವ ತಂದೆಗೆ ಅಥವಾ ತಾಯಿಗೆ ಈ ಗೀಳು ಹತ್ತಿಕೊಂಡರೆ, ದೋಣಿ ಕೇಳುವ ಭಾನುವಾರವೂ ಮಕ್ಕಳು ಕೇಳುವ ಭಾನುವಾರವೂ ಒಂದೇ ಆಗಿರುವುದರಿಂದ ಮನೆಯಲ್ಲಿ ಇರಿಸುಮುರಿಸು ತಪ್ಪುವುದಿಲ್ಲ.

ಈ ಹವ್ಯಾಸದ ಹೊತ್ತೆಲ್ಲ ಹೆಚ್ಚಾಗಿ ಖರ್ಚಾಗುವುದು ನೆಲದ ಮೇಲೆಯೇ. ಶರಾವತಿಯ ಹಿನ್ನೀರಿನಲ್ಲಿ, ಸಾಗರ ತಾಲ್ಲೂಕಿನ ಹೊನ್ನೇಮರಡುವಿನಲ್ಲಿ ದೋಣಿ ನಡೆಸಬೇಕೆಂದರೆ ಕೊರಟಗೆರೆಯಿಂದ 300 ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಬೇಕು; ತಲುಪಿದ ಮೇಲೆ ದೋಣಿಗೆ ಗಾಳಿ ತುಂಬಬೇಕು, ಮುಗಿದ ಮೇಲೆ ತೊಳೆದು ಪೂರ್ತಿ ಒಣಗಿಸಬೇಕು, ಒದ್ದೆಯಾಗಿಯೇ ಮಡಚಿಟ್ಟರೆ ಬೂಷ್ಟು ಹಿಡಿದು ಮುಗ್ಗಲು ವಾಸನೆ ಬರುತ್ತದೆ. ನೀರಿನ ಮೇಲಿನ ಒಂದೆರಡು ಗಂಟೆಗಾಗಿ ಹೀಗೆ ಎರಡು ದಿನಗಳು ಕಳೆದುಹೋಗುವಾಗ, ಮಕ್ಕಳನ್ನೂ ಜೊತೆಗೆ ಕರೆದೊಯ್ದರಾಯಿತು ಎಂಬ ಸಮಾಧಾನ ಸುಲಭವಾಗಿ ಹೊಳೆಯುತ್ತದೆಯಾದರೂ, ಕಾರಿನ ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಳ್ಳುತ್ತ ಬಂದು ದಡದಲ್ಲಿ ಚೀಲ ಕಾಯುವ ಮಗುವಿನ ಪಾಲಿಗೆ ಅದು ಹಿರಿಯರ ಹವ್ಯಾಸಕ್ಕೆ ತೆತ್ತ ದಂಡವೇ ಹೊರತು ಅಪ್ಪನ ಜೊತೆ ಕಳೆದ ಹೊತ್ತೆನ್ನಿಸುವುದಿಲ್ಲ.

ಹವ್ಯಾಸಕ್ಕೆ ಇಷ್ಟು ಗಂಟೆ, ಮಕ್ಕಳಿಗೆ ಇಷ್ಟು ಗಂಟೆ ಎಂದು ವಾರವನ್ನು ಹಂಚುವ ಸಲಹೆ ಬಯಲುಸೀಮೆಗೆ ಅಷ್ಟಾಗಿ ಒಗ್ಗುವುದಿಲ್ಲ, ಏಕೆಂದರೆ ಇಲ್ಲಿ ನೀರು ವಾರದ ಲೆಕ್ಕದಲ್ಲಿ ಬರುವುದಿಲ್ಲ. ಈ ತಾಲ್ಲೂಕುಗಳ ಮಳೆ ಮುಖ್ಯವಾಗಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದ್ದು. ರೈತರ ನಕ್ಷತ್ರದ ಲೆಕ್ಕದಲ್ಲಿ ಹೇಳುವುದಾದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳು ಕೈಹಿಡಿದರೆ ಕೆರೆಗೆ ನೀರು, ಇಲ್ಲವಾದರೆ ಮುಂದಿನ ವರ್ಷದವರೆಗೆ ಕಾಯುವುದು. ಶಾಲೆಗಳ ದಸರೆಯ ರಜೆ ಬರುವುದೂ ಸಾಮಾನ್ಯವಾಗಿ ಇದೇ ಅಕ್ಟೋಬರ್‌ನಲ್ಲಿ, ಹೆಚ್ಚುಕಡಿಮೆ ಎರಡು ವಾರಗಳ ಮಟ್ಟಿಗೆ. ಕೆರೆ ತುಂಬುವ ಕಾಲವೂ ಮಕ್ಕಳು ಮನೆಯಲ್ಲಿರುವ ಕಾಲವೂ ಹೀಗೆ ತಾವಾಗಿಯೇ ಕೂಡಿಬರುವುದರಿಂದ, ದೂರದ ನೀರನ್ನು ಬೆನ್ನಟ್ಟದೆ ಊರಿನ ನೀರಿಗೆ ಕಾಯುವ ತಾಳ್ಮೆಯಿದ್ದವರಿಗೆ ಈ ಜಗಳದ ಮುಕ್ಕಾಲು ಪಾಲು ಪಂಚಾಂಗದಲ್ಲೇ ತೀರುತ್ತದೆ. ಬೇಸಿಗೆ ರಜೆಯ ಏಪ್ರಿಲ್, ಮೇ ತಿಂಗಳುಗಳಲ್ಲಿ ದೋಣಿ ಅಟ್ಟದಲ್ಲಿರುತ್ತದೆ, ಕೆರೆ ಒಣಗಿರುತ್ತದೆ.

ಒಣಗಿದ ಆ ಕೆರೆಯೇ ದೋಣಿಗಾರನಿಗೂ ಅವನ ಮಕ್ಕಳಿಗೂ ಮೊದಲ ಪಾಠಶಾಲೆಯಾಗಬೇಕು. ಕೆರೆಯೆಂದರೆ ಬರಿಯ ನೀರಿನ ಹರವಲ್ಲ: ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಕಟ್ಟೆಗೆ ಏರಿ, ಗದ್ದೆಗೆ ನೀರು ಬಿಡುವ ಕಿಂಡಿಗೆ ತೂಬು, ಹೆಚ್ಚಾದ ನೀರು ಹರಿದುಹೋಗುವ ತಗ್ಗಿಗೆ ಕೋಡಿ ಎಂಬ ಹೆಸರುಗಳಿದ್ದು, ಈ ಮೂರರಲ್ಲಿ ತೂಬೂ ಕೋಡಿಯೂ ದೋಣಿಗೆ ಅಪಾಯದ ಜಾಗಗಳು, ತೆರೆದ ತೂಬು ಕೆಳಗಿನಿಂದ ಸೆಳೆಯುತ್ತದೆ, ಕೋಡಿ ಬಿದ್ದ ಕೆರೆಯ ಮೇಲ್ನೀರು ನೋಡಲು ಶಾಂತವಾಗಿದ್ದರೂ ಒಂದೇ ದಿಕ್ಕಿಗೆ ಜಾರುತ್ತಿರುತ್ತದೆ. ಅಂಗಳದಲ್ಲಿ, ಎಂದರೆ ನೀರು ನಿಲ್ಲುವ ಒಳಮೈಯಲ್ಲಿ, ಇಟ್ಟಿಗೆ ಗೂಡುಗಳಿಗೆಂದೋ ತೋಟಗಳಿಗೆಂದೋ ಜೆಸಿಬಿಯಿಂದ ಮಣ್ಣು ತೆಗೆದ ಗುಂಡಿಗಳಿರುತ್ತವೆ. ಮೊಳಕಾಲುದ್ದದ ನೀರಿನಲ್ಲಿ ನಡೆಯುತ್ತಿರುವ ಹುಡುಗ ಮರುಹೆಜ್ಜೆಗೆ ಆಳುದ್ದ ಮುಳುಗುವುದು ಇಂಥ ಕಡಿದಾದ ಅಂಚುಗಳಲ್ಲಿ. ಇದರ ಜೊತೆಗೆ ಎಷ್ಟೋ ಕೆರೆಗಳ ಅಂಗಳದಲ್ಲಿ ಜಾಲಿ ಬೆಳೆದು ನಿಂತಿರುವುದರಿಂದ, ನೀರಿನೊಳಗೆ ಅಡಗಿದ ಅದರ ಮುಳ್ಳು ಗಾಳಿದೋಣಿಯ ಹೊಟ್ಟೆಗೆ ನೇರ ಶತ್ರು. ಮೇ ತಿಂಗಳ ಸಂಜೆಗಳಲ್ಲಿ ಬಿರುಕುಬಿಟ್ಟ ಅಂಗಳದಲ್ಲಿ ಮಕ್ಕಳೊಂದಿಗೆ ಅಡ್ಡಾಡಿ, ಗುಂಡಿ ಎಲ್ಲಿದೆ, ಜಾಲಿ ಎಲ್ಲಿದೆ, ತೂಬಿನಿಂದ ಅದು ಎಷ್ಟು ಹೆಜ್ಜೆ ಎಂಬುದನ್ನು ಅವರ ಕೈಯಿಂದಲೇ ನೋಟ್‌ಬುಕ್ಕಿನಲ್ಲಿ ನಕ್ಷೆಯಾಗಿ ಬರೆಸಿದರೆ, ಅಕ್ಟೋಬರ್‌ನಲ್ಲಿ ದೋಣಿ ಇಳಿಸುವಾಗ ದಾರಿ ಹೇಳುವ ಅಧಿಕಾರ ನಕ್ಷೆ ಬರೆದ ಮಗುವಿಗೇ ಸಲ್ಲುತ್ತದೆ. ಹವ್ಯಾಸದಲ್ಲಿ ಮಗುವಿಗೆ ನಿಜವಾದ ಪಾಲು ಸಿಗುವುದು ಹೀಗೆ, ಅದೂ ಒಂದು ಹನಿ ನೀರಿಲ್ಲದ ತಿಂಗಳಿನಲ್ಲಿ.

ಈಜು ಬಾರದ ಮಗುವನ್ನು ದೋಣಿ ಹತ್ತಿಸುವುದು ತರವಲ್ಲ ಎಂಬುದರಲ್ಲಿ ಎರಡು ಮಾತಿಲ್ಲ; ಆದರೆ ಈಜು ಕಲಿಸುತ್ತಿದ್ದ ಏರ್ಪಾಡೇ ಈ ಸೀಮೆಯಲ್ಲಿ ಕಾಣೆಯಾಗಿದೆ. ಕೊಳವೆಬಾವಿಗಳು ಬರುವ ಮೊದಲು ತೋಟದ ತೆರೆದ ಬಾವಿಗಳೇ ಈಜುಶಾಲೆಗಳಾಗಿದ್ದವು. ಒಣಗಿಸಿದ ಸೋರೆ ಬುರುಡೆಯನ್ನೋ ಕತ್ತಾಳೆಯ ಬೆಂಡನ್ನೋ ಹಳೆಯ ಸೀರೆಯ ತುಂಡಿನಿಂದ ಹುಡುಗನ ಬೆನ್ನಿಗೆ ಬಿಗಿದು, ಸೊಂಟಕ್ಕೆ ಹಗ್ಗ ಕಟ್ಟಿ, ಮಾವನೋ ದೊಡ್ಡಪ್ಪನೋ ಮೆಟ್ಟಿಲ ಮೇಲೆ ಹಗ್ಗದ ತುದಿ ಹಿಡಿದು ಕೂರುತ್ತಿದ್ದರು. ಕೈಕಾಲು ಆಡುವ ಹದ ಬಂದಂತೆಲ್ಲ ಬೆಂಡು ಚಿಕ್ಕದಾಗುತ್ತ, ಹಗ್ಗ ಸಡಿಲವಾಗುತ್ತ, ಒಂದು ದಿನ ಎರಡೂ ಇಲ್ಲದೆ ಹುಡುಗ ಆಚೆ ಗೋಡೆ ಮುಟ್ಟುತ್ತಿದ್ದ. (ಹುಡುಗಿಯರಿಗೆ ಈ ಭಾಗ್ಯ ಬಹುಮಟ್ಟಿಗೆ ಇರಲಿಲ್ಲ ಎಂಬುದನ್ನೂ ಹೇಳಬೇಕು, ಹಳೆಯದನ್ನು ಹೊಗಳುವವರು ಇದನ್ನು ಮರೆಯುವುದುಂಟು.) ಅಂತರ್ಜಲ ಪಾತಾಳ ಸೇರಿ ಆ ಬಾವಿಗಳು ಬತ್ತಿದ ಮೇಲೆ, ನೀರನ್ನೇ ಕಾಣದೆ ಬೆಳೆದ ಮಕ್ಕಳು ಒಳ್ಳೆ ಮಳೆಯಾದ ವರ್ಷ ದಿಢೀರನೆ ತುಂಬಿದ ಕೆರೆಯೆದುರು ನಿಲ್ಲುವಂತಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತಿದ್ದು, ಅವರಲ್ಲಿ ಕಾಲುಭಾಗದ ಹತ್ತಿರ ಹತ್ತಿರ 5 ವರ್ಷದೊಳಗಿನ ಮಕ್ಕಳು. ದೋಣಿಗೆ ಸುರಿಯುವ ದುಡ್ಡಿನಲ್ಲಿ ಒಂದಿಷ್ಟನ್ನು ಮಕ್ಕಳ ಈಜಿಗೆ ಮೊದಲೇ ತೆಗೆದಿಡುವುದು ಆದ್ದರಿಂದ ಔದಾರ್ಯದ ಮಾತಲ್ಲ.

ಈಜು ಬಂದರೂ ಲೈಫ್ ಜಾಕೆಟ್ ಬೇಕೇ ಬೇಕು, ಮತ್ತು ಅದು ಮಗುವಿನ ತೂಕಕ್ಕೆ ತಕ್ಕದ್ದಾಗಿರಬೇಕು. ಜಾಕೆಟ್ ತೊಡಿಸಿ ಬಿಗಿದ ಮೇಲೆ ಹೆಗಲ ಪಟ್ಟಿಗಳನ್ನು ಹಿಡಿದು ಮೇಲೆತ್ತಿ ನೋಡಬೇಕು; ಅದು ಜಾರಿ ಗದ್ದ, ಕಿವಿಗಳನ್ನು ಮುಟ್ಟಿದರೆ ನೀರಿನಲ್ಲಿ ಮಗು ಕೆಳಗೆ, ಜಾಕೆಟ್ ಮೇಲೆ ಎಂದೇ ಅರ್ಥ. ಚಿಕ್ಕ ಮಕ್ಕಳದ್ದಕ್ಕೆ ಕಾಲುಗಳ ನಡುವೆ ಹಾಯುವ ಪಟ್ಟಿಯೂ ಇರಬೇಕು.

ಮಕ್ಕಳಿಗೆ ಮೊದಲ ದೋಣಿಯಾಗಿ ಕಯಾಕ್‌ಗಿಂತ ಹರಿಗೋಲು ಮೇಲು. ಬಿದಿರಿನ ಸೀಳುಗಳಿಂದ ಬುಟ್ಟಿಯಂತೆ ಹೆಣೆದ ಈ ದುಂಡುದೋಣಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಜನ ಇಂಥ ಚರ್ಮದ ಬುಟ್ಟಿದೋಣಿಗಳಲ್ಲಿ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇದಕ್ಕೆ ಮುಂದು, ಹಿಂದು ಎಂಬುದಿಲ್ಲ, ತಳದಲ್ಲಿ ನೀರನ್ನು ಸೀಳುವ ಏಣಿಲ್ಲ. ಹಾಗಾಗಿ ಬದಿಯಲ್ಲಿ ಕೂತು ಹುಟ್ಟು ಹಾಕಿದರೆ ಇದ್ದಲ್ಲೇ ಗಿರಗಿರನೆ ತಿರುಗುತ್ತದೆ. ಹೋಗಬೇಕಾದ ಕಡೆಗೆ ಮುಖಮಾಡಿ ಅಂಚಿನಲ್ಲಿ ಕೂತು, ಹುಟ್ಟನ್ನು ಮುಂದಕ್ಕೆ ಚಾಚಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರನ್ನು ತನ್ನತ್ತ ಎಳೆದುಕೊಂಡರೆ ಮಾತ್ರ ಅದು ಮುಂದೆ ಸಾಗೀತು. ಈ ಹದ ಸಿಗುವವರೆಗೆ ಮಗುವಿನಷ್ಟೇ ದೊಡ್ಡವರೂ ತಬ್ಬಿಬ್ಬಾಗುವುದರಿಂದ, ಕಲಿಸುವವನು, ಕಲಿಯುವವನು ಎಂಬ ಭೇದ ಅಲ್ಲಿ ಬೇಗ ಅಳಿಯುತ್ತದೆ. ಕಯಾಕಿನಲ್ಲಾದರೋ ಹಿಂದೆ ಕೂತ ಅಪ್ಪನಿಗೆ ಕಾಣುವುದು ಮಗುವಿನ ಬೆನ್ನು ಮಾತ್ರ. ಹರಿಗೋಲಿನಲ್ಲಿ ಎದುರುಬದುರು ಕೂರಬಹುದು.

ಹರಿಗೋಲಾಗಲಿ ಕಯಾಕಾಗಲಿ ಊರ ಕೆರೆಗೆ ಹೇಳದೆ ಕೇಳದೆ ಇಳಿಸುವಂತಿಲ್ಲ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟು, ಎಂದರೆ ನೀರುಣ್ಣುವ ಜಮೀನು, ಇರುವ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯ ಸುಪರ್ದಿನಲ್ಲಿದ್ದು, ಅದಕ್ಕಿಂತ ಚಿಕ್ಕವು ಪಂಚಾಯಿತಿಗಳ ಕೈಯಲ್ಲಿರುತ್ತವೆ. ಮೀನಿನ ಹಕ್ಕು ಗುತ್ತಿಗೆ ಹಿಡಿದವರದು ಬೇರೆ. ಬಲೆ ಹಾಕಿರುವ ಕಡೆ ದೋಣಿ ನುಗ್ಗಿಸಿ ಗುತ್ತಿಗೆದಾರರ ಕೈಯಲ್ಲಿ ಬೈಸಿಕೊಳ್ಳುವುದಕ್ಕಿಂತ, ಲಾರಿ ಟ್ಯೂಬಿನ ಮೇಲೆ ಕೂತು ಬಲೆ ಬಿಡುವ ಅವರನ್ನೇ ಮೊದಲು ವಿಚಾರಿಸಿದರೆ ಕೆರೆಯ ಒಳಗುಟ್ಟು ಅವರಷ್ಟು ಬಲ್ಲವರು ಇಲ್ಲವೆಂಬುದು ತಿಳಿಯುತ್ತದೆ.

ಒಂದೆಡೆ ಕೂರಲಾರದ ಚಿಕ್ಕ ಮಕ್ಕಳನ್ನು ದೋಣಿಯಿಂದ ಬೇಗನೆ ಇಳಿಸಬೇಕಾಗುತ್ತದೆ, ಹಾಗೆ ಇಳಿಸಿದ್ದಕ್ಕೆ ಹಿರಿಯರು ಮುಖ ಗಂಟಿಕ್ಕಬಾರದು. ಕೆಲವು ಮಕ್ಕಳಿಗೆ ದೋಣಿಗಿಂತ ಹಕ್ಕಿಗಳೇ ಹೆಚ್ಚು. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗೇ ಗೂಡು ಕಟ್ಟುವುದನ್ನು ಕಂಡ ಮಗು, ಅವು ಮೇವಿಗೆ ಇಳಿಯುವ ಕೆರೆಯನ್ನು ನೋಡಲೆಂದೇ ಹುಟ್ಟು ಹಿಡಿದೀತು. ಹತ್ತನೆಯ ತರಗತಿಗೆ ಬಂದವರು ಬರುವುದಿಲ್ಲವೆಂದರೆ ಒತ್ತಾಯಿಸುವುದು ವ್ಯರ್ಥ.

ಇನ್ನು ಬರಗಾಲ. 2022ರಲ್ಲಿ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಹರಿದವು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಬೇಕಾಯಿತು. ಶಿರಾಕ್ಕೆ ನೆರೆಯ ಹಿರಿಯೂರು ತಾಲ್ಲೂಕಿನಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ಈ ನಾಡಿನ ನೀರಿನ ಲೆಕ್ಕವೇ ಹೀಗೆ. ಕೆರೆ ತುಂಬದ ವರ್ಷ ದೋಣಿಯನ್ನು ಅಟ್ಟದಿಂದ ಇಳಿಸಿ, ಗಾಳಿ ತುಂಬಿ, ತೂತುಗಳಿಗೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ನೋಡಿ, ತೇಪೆ ಹಾಕಿ ಮತ್ತೆ ಮಡಚಿಡುವುದಷ್ಟೇ ಕೆಲಸ. ಗುಳ್ಳೆ ಹುಡುಕುವುದನ್ನು ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ.