ಸರ್ವಿಸ್ ಪಾಯಿಂಟ್: ಲಾಭ ಯಾರಿಗೆ?

ಪ್ರಶ್ನೆ: ಕಾರು ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಶೋರೂಮಿನವರು ಪಾಯಿಂಟ್ ಕೊಡುತ್ತಾರೆ. ಇದರಿಂದ ಅವರಿಗೇನು ಗಿಟ್ಟುತ್ತದೆ?
– ಓದುಗರು, ಅಫಜಲಪುರ

ಉತ್ತರ: ಗಿಟ್ಟುವುದು ನೀವೇ! ಹೊಸ ಕಾರು ಮಾರಿದಾಗ ಡೀಲರ್‌ಗೆ ಉಳಿಯುವುದು ಕಡಿಮೆ. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್, ಲೇಬರ್ ಚಾರ್ಜು ವರ್ಷವರ್ಷವೂ ಬರುವ ದುಡ್ಡು. ವಾರಂಟಿ ಮುಗಿದೊಡನೆ ಆಳಂದ, ಜೇವರ್ಗಿ ಕಡೆಯವರು ಊರಿನ ಮೆಕ್ಯಾನಿಕ್ ಹತ್ತಿರ ಹೋಗುತ್ತಾರೆ. ಆ ಗಿರಾಕಿ ಕೈತಪ್ಪಬಾರದಲ್ಲ! ಮಾರುತಿ ಸುಜುಕಿ 2020ರಲ್ಲಿ ತಂದ ರಿವಾರ್ಡ್ಸ್ ಯೋಜನೆಯಲ್ಲಿ ಮೆಂಬರ್, ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂಬ ಮೆಟ್ಟಿಲುಗಳಿವೆ. ಪಾಯಿಂಟನ್ನು ಸರ್ವಿಸ್ ಬಿಲ್ಲಿನಲ್ಲಿ, ಆಕ್ಸೆಸರಿಗಳಲ್ಲಿ ಮುರಿಸಿಕೊಳ್ಳಬಹುದು.

ಪೆಟ್ರೋಲ್ ಲೆಕ್ಕವನ್ನೂ ಹಾಕಿ. ಆಳಂದದಿಂದ ಕಲಬುರಗಿಯ ವರ್ಕ್‌ಶಾಪಿಗೆ ಹೋಗಿಬರಲು ಸುಮಾರು 80 ಕಿ.ಮೀ.; ಲೀಟರಿಗೆ 20 ಕಿ.ಮೀ. ಕೊಡುವ ಕಾರಿಗೂ ನಾಲ್ಕು ಲೀಟರ್ ಬೇಕು. ಅಫಜಲಪುರ ಇನ್ನೂ ದೂರ. ಪಾಯಿಂಟಿನಲ್ಲಿ ಉಳಿದದ್ದು ದಾರಿಯಲ್ಲೇ ಕರಗೀತು.

ಹೊರಗಿನ ಮೆಕ್ಯಾನಿಕ್‌ಗಳಿಗೆ ಬಿಡಿಭಾಗ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂ. ದಂಡ ಹಾಕಿತ್ತು. ಅದಕ್ಕೆ ಹೋಲಿಸಿದರೆ ಪಾಯಿಂಟಿನ ಆಸೆ ಸೌಮ್ಯ ಉಪಾಯವೇ. ಬಿಲ್ ಆಗುವ ಮೊದಲೇ ಪಾಯಿಂಟ್ ಎಷ್ಟಿದೆ, ಯಾವಾಗ ರದ್ದಾಗುತ್ತದೆ ಎಂದು ಕೇಳಿ.